ಹೆಚ್ಚಿಗೆ ಬಂದ ಗುಡ್ಡ

ಆ ಹೋರಿಗೆ ಅಳಿಯದೇವರು ಎಂದು ಹೆಸರಿಟ್ಟವರು ದನದ ಡಾಕ್ಟರು. ಕೊಟ್ಟಿಗೆಗೆ ಕಾಲಿಟ್ಟ ಮೊದಲ ದಿನವೇ ಅದು ಮುಂದೆ ಹಾಕಿದ ಹುಲ್ಲನ್ನು ಮೂಸಿ, ಇದಕ್ಕಿಂತ ಒಳ್ಳೆಯದು ಬರಲಿ ಎಂಬಂತೆ ಸುಮ್ಮನೆ ನಿಂತುಬಿಟ್ಟಿತಂತೆ. "ಮಾವನ ಮನೆಗೆ ಬಂದಿದ್ದಾರೆ, ಉಪಚಾರ ಸಾಲದು ಅಂತ ಕಾಣತ್ತೆ," ಎಂದರಂತೆ ಡಾಕ್ಟರು. ಅಂದಿನಿಂದ ಆ ದನದ ತಳಿ ಸಂಶೋಧನಾ ಕೇಂದ್ರದಲ್ಲಿ ಯಾರೂ ಅದನ್ನು ಕಿವಿಯ ಬಿಲ್ಲೆಯ ಸಂಖ್ಯೆಯಿಂದ ಕರೆದವರಿಲ್ಲ. ಅಳಿಯಂದಿರ ಊಟ ಆಯ್ತಾ, ಅಳಿಯಂದಿರ ಮೈ ತೊಳೆದ್ರಾ, ಅಳಿಯಂದಿರಿಗೆ ಇವತ್ತು ಯಾಕೋ ಮುನಿಸು, ಹೀಗೆ ಬಹುವಚನದಲ್ಲೇ ಮಾತು.

ಹೋರಿಗೆ ಹೆಸರಿಟ್ಟ ಬಾಯಿಯೇ ಅಲ್ಲಿ ಕೆಲಸಕ್ಕಿದ್ದ ಹುಡುಗಿಗೂ ಒಂದು ಹೆಸರು ಕೊಟ್ಟಿತ್ತು: ಪಿಸುಮಾತು. ಅವಳು ಮಾತಾಡಿದರೆ ಎದುರಿಗಿದ್ದವರು ಕತ್ತು ಮುಂದೆ ಚಾಚಬೇಕಿತ್ತು. ಮನೆಯಲ್ಲಿಯೂ ಅದೇ ಕಥೆ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು ಚಿಕ್ಕಮ್ಮನ ಜೊತೆ ಇದ್ದಳು. ಚಿಕ್ಕಮ್ಮ ಸ್ವೆಟರು ಹೆಣೆದು ಅಂಗಡಿಗಳಿಗೆ ಕೊಡುವವಳು. ಕೈ ಓಡಿದಷ್ಟೇ ಬಾಯಿಯೂ ಓಡುತ್ತಿತ್ತು. "ನಿನ್ನ ನಾಲಿಗೇನ ಎಲ್ಲಾದ್ರೂ ಬಾಡಿಗೆಗೆ ಕೊಟ್ಟಿದ್ದೀಯೇನೇ? ವಾರಕ್ಕೊಂದು ಸಲ ನಂಗೂ ಕೊಡ್ಸು," ಎನ್ನುತ್ತಿದ್ದಳು. ಇವಳು ನಗುತ್ತಿದ್ದಳು. ಆ ನಗುವೂ ಬಾಯಿಂದ ಹೊರಗೆ ಬರುವಷ್ಟರಲ್ಲಿ ಸದ್ದು ಕಳೆದುಕೊಂಡಿರುತ್ತಿತ್ತು.

ಕೇಂದ್ರದಲ್ಲಿ ಅವಳ ಮೇಜು ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಪ್ರಯೋಗಾಲಯದಲ್ಲಿ ಅಕ್ಕಯ್ಯ, ಅಂದರೆ ಎಲ್ಲರೂ ಅಕ್ಕಯ್ಯ ಎಂದು ಕರೆಯುವ ಹಳೆಯ ತಂತ್ರಜ್ಞೆ, ಕರುಗಳ ರಕ್ತದಿಂದ ಡಿಎನ್‌ಎ ಬೇರ್ಪಡಿಸಿ, ಚೂರುಮಾಡಿ, ಓದುವ ಯಂತ್ರಕ್ಕೆ ಕೊಡುತ್ತಿದ್ದಳು. ಯಂತ್ರ ಓದಿದ್ದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಮುಗಿಯದ ಸಾಲಾಗಿ ಇವಳ ಪರದೆಯ ಮೇಲೆ ಬಂದು ಇಳಿಯುತ್ತಿತ್ತು. ಅಪ್ಪನದೊಂದು ಸಾಲು, ಅಮ್ಮನದೊಂದು, ಕರುವಿನದೊಂದು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಅಪ್ಪನಲ್ಲಿಯೂ ಇಲ್ಲದ ಅಮ್ಮನಲ್ಲಿಯೂ ಇಲ್ಲದ ಅಕ್ಷರ ಕರುವಿನಲ್ಲಿ ಎಲ್ಲೆಲ್ಲಿ ಕೂತಿದೆ ಎಂದು ಹುಡುಕುವುದು ಅವಳ ಕೆಲಸ. ಅಂಥವು ಇದ್ದೇ ಇರುತ್ತವೆ. ಕೋಟಿಗಟ್ಟಲೆ ಅಕ್ಷರಗಳನ್ನು ನಕಲು ಮಾಡುವಾಗ ಜೀವದ ಕೈ ಅಲ್ಲಲ್ಲಿ ಜಾರುತ್ತದೆ.

ಎಷ್ಟು ಸಲ ಜಾರಿತು ಎನ್ನುವುದಕ್ಕಿಂತ ಹೇಗೆ ಜಾರಿತು ಎನ್ನುವುದೇ ಅವಳಿಗೆ ಹೆಚ್ಚು ಇಷ್ಟ. ಯಾಕೆಂದರೆ ಜೀವ ಎಲ್ಲೆಂದರಲ್ಲಿ ಜಾರುವುದಿಲ್ಲ. ಸಿ ಎಂಬ ಅಕ್ಷರದ ಮಗ್ಗುಲಿಗೆ ಜಿ ಬಂದು ನಿಂತರೆ ಆ ಸಿಯ ತಲೆಗೆ ಜೀವಕೋಶ ಎಷ್ಟೋ ಸಲ ಒಂದು ಪುಟ್ಟ ಟೋಪಿ ತೊಡಿಸುತ್ತದೆ. ಟೋಪಿ ತೊಟ್ಟ ಸಿ ಕಾಲ ಸರಿದಂತೆ ಸದ್ದಿಲ್ಲದೆ ಟಿ ಆಗಿಬಿಡುತ್ತದೆ. ಹಸುವಿನಲ್ಲಿ ಹಾಗೆ. ಕುರಿಯಲ್ಲಿ, ಇಲಿಯಲ್ಲಿ, ನಾಯಿಯಲ್ಲಿ, ಮನುಷ್ಯರಲ್ಲಿಯೂ ಹಾಗೆ. ಯಾವ ಅಕ್ಷರ ಯಾವ ಅಕ್ಷರವಾಯಿತು ಎಂಬುದನ್ನು ಬಗೆಬಗೆಯಾಗಿ ವಿಂಗಡಿಸಿ, ಒಂದೊಂದು ಬಗೆಗೆ ಒಂದೊಂದು ಕಂಬ ನಿಲ್ಲಿಸಿ ಚಿತ್ರ ಮಾಡಿದರೆ ದೂರದ ಬೆಟ್ಟಸಾಲಿನಂತೆ ಕಾಣುತ್ತಿತ್ತು. ಅವಳು ಅವನ್ನು ಗುಡ್ಡಗಳು ಎಂದೇ ಕರೆಯುತ್ತಿದ್ದಳು. ಮನುಷ್ಯರ ಗುಡ್ಡಸಾಲಿನ ಮೇಲೆ ನಾಯಿಯದನ್ನು ಇಟ್ಟರೆ, ಅದರ ಮೇಲೆ ಹಸುವಿನದನ್ನು ಇಟ್ಟರೆ, ಎಲ್ಲ ಒಂದೇ ಊರಿನ ಕಿಟಕಿಗಳಿಂದ ಕಂಡ ಒಂದೇ ಬೆಟ್ಟದಂತೆ ಸುಮಾರಾಗಿ ಹೊಂದಿಕೊಳ್ಳುತ್ತಿದ್ದವು. ಊಟವಾದ ಮೇಲಿನ ಜೊಂಪಿನ ಹೊತ್ತಿನಲ್ಲಿ ಅವಳು ಪರದೆಯನ್ನು ನೋಡುತ್ತ ಕೂತರೆ ಎಷ್ಟೋ ಪ್ರಾಣಿಗಳು ಆ ಏರುಇಳಿತದ ಮೇಲೆ ಒಂದರ ಹಿಂದೊಂದು ನಡೆದು ಹೋಗುವುದು, ಒಂದೇ ಜಾಗದಲ್ಲಿ ಎಲ್ಲಕ್ಕೂ ಕಾಲು ಜಾರುವುದು, ಜಾರಿದರೂ ಯಾವುದೂ ಗಾಬರಿಯಾಗದೆ ಮುಂದಕ್ಕೆ ಹೋಗುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಅಳಿಯದೇವರ ಕರುಗಳ ಚಿತ್ರ ಬಂದ ದಿನ ಆ ಸಾಲಿನಲ್ಲಿ ಹೆಚ್ಚಿಗೆ ಒಂದು ಗುಡ್ಡ ಇತ್ತು.

ಜಿ ಇರಬೇಕಾದಲ್ಲಿ ಟಿ. ಒಂದೆರಡು ಕಡೆಯಲ್ಲ, ಸಾಲುಗಳ ಉದ್ದಕ್ಕೂ. ಬೇರೆ ಹೋರಿಗಳ ಕರುಗಳಲ್ಲಿ ಆ ಜಾಗದಲ್ಲಿ ಒಂದು ದಿಬ್ಬವಿದ್ದರೆ ಹೆಚ್ಚು. ಇಲ್ಲಿ ಎಲ್ಲವನ್ನೂ ಮೀರಿಸಿ ನಿಂತ ಶಿಖರ. ಅವಳು ಮತ್ತೆ ಮತ್ತೆ ಚಿತ್ರ ಬಿಡಿಸಿದಳು. ಗುಡ್ಡ ಕದಲಲಿಲ್ಲ. ಯಾವ ಪ್ರಾಣಿಯೂ ಹತ್ತದ ಗುಡ್ಡವನ್ನು ತಾನೊಬ್ಬಳೇ ಕಂಡೆ ಎಂದು ಅವಳಿಗೆ ಅನ್ನಿಸಿತು.

ವಾರದ ಸಭೆಯಲ್ಲಿ ಅದನ್ನು ತೋರಿಸಬೇಕಾಯಿತು. ಸೇರಿದಾಗಿನಿಂದ ಅವಳು ಆ ಸಭೆಯಲ್ಲಿ ಬಾಯಿ ತೆರೆದದ್ದು ಚಹಾ ಕುಡಿಯಲು ಮಾತ್ರ. ಅಂದು ಚಿತ್ರವನ್ನು ಗೋಡೆಗೆ ಹಾಕಿ, ಇದು ಈ ಹೋರಿಯ ಮಕ್ಕಳಲ್ಲಿ ಮಾತ್ರ, ಇಷ್ಟು, ಹೀಗೆ, ಎಂದು ಮೂರು ಮಾತು ಹೇಳಿ ಕೂತಳು. ಕೇಂದ್ರದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ, ಹೊಗಳಿಕೆಯ ವಿಷಯದಲ್ಲಿ ಕೈ ಬಿಗಿ. ಅಂಥವರು ಕನ್ನಡಕ ತೆಗೆದು ಗೋಡೆಯ ಹತ್ತಿರ ಹೋಗಿ ನಿಂತರು.

"ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದೆ ಇಂಥ ಕಣ್ಣನ್ನ?" ಎಂದರು. "ಹೋರಿಯೊಳಗೇ ಏನೋ ಕೆಟ್ಟಿದೆ. ನಕಲು ಮಾಡೋ ಕೈಯೇ ಕೆಟ್ಟಿದೆ. ಇದನ್ನ ಬರೀಬೇಕು. ನಿನ್ನ ಹೆಸರೇ ಮೊದಲು ಇರ್ಲಿ."

ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲೇ ಮೇಡಂ ಮಾತು ಮುಂದುವರಿಸಿದರು. "ಅಂದಮೇಲೆ ಇದರ ಬೀಜ ಇನ್ನು ಒಂದು ಹನಿಯೂ ಹೊರಗೆ ಹೋಗಬಾರದು. ಇರೋದನ್ನೆಲ್ಲ ಸುಟ್ಟುಬಿಡಿ. ಹೋರೀನ ಇಟ್ಕೊಂಡು ಮೇವು ದಂಡ ಮಾಡೋದ್ರಲ್ಲಿ ಅರ್ಥ ಇಲ್ಲ. ಮುಂದಿನ ವಾರ ಲಾರಿ ಕರೆಸಿ."

ಲಾರಿ ಎಂದರೆ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಲಾರಿ ಹತ್ತಿದ ದನ ತಿರುಗಿ ಬಂದದ್ದಿಲ್ಲ. ಸಭೆ ಮುಗಿದು ಮೆಟ್ಟಿಲಿಳಿಯುವಾಗ ಡಾಕ್ಟರು ಅವಳ ಪಕ್ಕ ಬಂದು, "ಮಾತೇ ಆಡದವಳು ಆಡಿದ ಮೊದಲನೇ ಮಾತು ನಮ್ಮ ಅಳಿಯನ ತಲೆ ಮೇಲೆ ಬಿತ್ತಲ್ಲಮ್ಮ," ಎಂದರು. ಬೈಗುಳದಂತೆ ಹೇಳಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ಮೇಲಿನ ಮಹಡಿಯವರು ಕೊಟ್ಟಿಗೆಯ ಕಡೆ ಹೋಗುವುದೇ ಅಪರೂಪ. ಅವಳಂತೂ ಅಳಿಯದೇವರನ್ನು ಅಕ್ಷರಗಳಲ್ಲಿ ಕಂಡಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮರುದಿನ ಮಧ್ಯಾಹ್ನ ಹೋದಳು. ಕಬ್ಬಿಣದ ಬೇಲಿಯ ಆಚೆ ಅದು ಒಂದು ಕೋಣೆಯಷ್ಟು ದೊಡ್ಡದಾಗಿ ನಿಂತಿತ್ತು. ಕಪ್ಪು ಮೈಮೇಲೆ ಧೂಳು ಬಿಸಿಲಲ್ಲಿ ಹೊಳೆಯುತ್ತಿತ್ತು. ಇವಳನ್ನು ಕಂಡು ಅದು ನಿಧಾನಕ್ಕೆ ಬಂದು, ಬೇಲಿಯ ಸಂದಿಯಿಂದ ಮೂತಿ ತೂರಿಸಿ, ಸ್ವೆಟರಿನ ತೋಳನ್ನು ದೀರ್ಘವಾಗಿ ಮೂಸಿತು. ಆ ಉಸಿರಿನ ಬಿಸಿ ಉಣ್ಣೆಯನ್ನು ದಾಟಿ ಚರ್ಮಕ್ಕೆ ತಾಗಿತು. ಇದರ ಒಳಗೆ ಏನೋ ಕೆಟ್ಟಿದೆ ಎಂದು ಹೇಳಿಸಿದವಳು ನಾನು ಎಂದುಕೊಂಡಳು. ಹೋರಿಯ ಕಣ್ಣು ತೇವವಾಗಿ, ದೊಡ್ಡದಾಗಿ, ಯಾರ ಮೇಲೂ ದೂರಿಲ್ಲದೆ ಇತ್ತು.

ಆ ಮೇಲಿನ ದಿನಗಳಲ್ಲಿ ಅವಳಿಗೆ ಊಟ ರುಚಿಸಲಿಲ್ಲ. "ಹೊಗಳಿದ್ರಂತೆ, ಹೆಸರು ಅಚ್ಚಾಗತ್ತಂತೆ, ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿದೆ," ಎಂದಳು ಚಿಕ್ಕಮ್ಮ. ಹೊಗಳಿಕೆ ಸಿಹಿಯಾಗಿರಲಿಲ್ಲ ಎಂದಲ್ಲ, ನಿಜವಾಗಿಯೂ ಸಿಹಿಯಾಗಿತ್ತು. ಬಸ್ಸಿನಲ್ಲಿ ಕೂತಾಗ ಮೇಡಂ ಹೇಳಿದ್ದನ್ನು ಮನಸ್ಸಿನಲ್ಲೇ ಮತ್ತೆ ಹೇಳಿಸಿಕೊಂಡು ಬಾಯಿ ಚಪ್ಪರಿಸುತ್ತಿದ್ದಳು. ಕೊನೆಗೆ ಆ ಮಾತು ಲಾರಿಯ ಹತ್ತಿರ ಬಂದಾಗ ಆ ಸಿಹಿ ಕೆಡುತ್ತಿತ್ತು.

ಒಂದು ಮುಂಜಾನೆ, ಎಚ್ಚರಕ್ಕೂ ನಿದ್ದೆಗೂ ನಡುವಿನ ಹೊತ್ತಿನಲ್ಲಿ, ಅವಳು ಆ ಗುಡ್ಡಗಳ ನಡುವೆ ನಡೆಯುತ್ತಿದ್ದಳು. ಹುಲ್ಲು ಮೊಣಕಾಲಿನವರೆಗೆ ಇತ್ತು. ಕುರಿಗಳು, ನಾಯಿಗಳು, ಯಾರದೋ ಮಕ್ಕಳು, ಹಸುಗಳು ಆಚೀಚೆ ಹೋಗುತ್ತಿದ್ದವು. ಟೋಪಿ ತೊಟ್ಟ ಸಿಗಳು ದಾರಿಬದಿಯಲ್ಲಿ ಕೂತು ಮೆಲ್ಲಗೆ ಟಿಗಳಾಗುತ್ತಿದ್ದವು, ಮಂಜು ಕರಗಿದ ಹಾಗೆ. ಎಲ್ಲ ಗುಡ್ಡಗಳಿಗೂ ಈ ಕಡೆ ಬಿಸಿಲು, ಆ ಕಡೆ ನೆರಳು. ಹೊಸ ಗುಡ್ಡಕ್ಕೆ ಮಾತ್ರ ನೆರಳೇ ಇರಲಿಲ್ಲ. ಅವಳು ಅದರ ಬುಡವನ್ನು ಬಳಸಿ ಹಿಂದಕ್ಕೆ ಹೋದಳು. ಹಿಂದೆ ಏನೂ ಇರಲಿಲ್ಲ. ನಾಟಕದ ಪರದೆಗೆ ಬೆಟ್ಟ ಬರೆದು ಕೋಲು ಕೊಟ್ಟು ನಿಲ್ಲಿಸಿದ ಹಾಗೆ, ಒಂದು ಹಲಗೆಯ ಬೆನ್ನು. ಅವಳು ಹಲಗೆಯನ್ನು ಬೆರಳಿಂದ ಮುಟ್ಟಿದಾಗ ಕೆಳಗಿನ ಅಂಗಡಿಯಲ್ಲಿ ಯಾರೋ ಬೀಗ ಕುಟ್ಟಿದ ಸದ್ದಾಗಿ ಕಣ್ಣು ಬಿಟ್ಟಳು.

ಅಂದು ಎಲ್ಲರಿಗಿಂತ ಮೊದಲೇ ಕೇಂದ್ರಕ್ಕೆ ಹೋಗಿ ಅವಳು ಮಾಡಿದ್ದು ಒಂದೇ ಕೆಲಸ: ಗುಡ್ಡದ ಹಿಂದಕ್ಕೆ ಹೋಗಿ ನೋಡಿದ್ದು. ಡಿಎನ್‌ಎ ಜೋಡಿ ಎಳೆ. ಹುಟ್ಟಿನಲ್ಲಿ ಬದಲಾದ ಅಕ್ಷರ ಎರಡೂ ಎಳೆಗಳಲ್ಲಿ ಬದಲಾಗಿರುತ್ತದೆ. ಹಾಗಾಗಿ ಒಂದು ಚೂರನ್ನು ಈ ತುದಿಯಿಂದ ಓದಿದರೂ ಆ ತುದಿಯಿಂದ ಓದಿದರೂ ಬದಲಾವಣೆ ಸಿಗಬೇಕು. ಅದೂ, ಅಪ್ಪನಿಂದೊಂದು ಅಮ್ಮನಿಂದೊಂದು ಪ್ರತಿ ಇರುವುದರಿಂದ, ಅರ್ಧದಷ್ಟು ಚೂರುಗಳಲ್ಲಿ ಸಿಗಬೇಕು. ಅವಳು ಅಳಿಯದೇವರ ಕರುಗಳ ಜಿ, ಟಿಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಮೊದಲ ತುದಿಯಿಂದ ಓದಿದಾಗ ಟಿ ಇತ್ತು. ಇನ್ನೊಂದು ತುದಿಯಿಂದ ಓದಿದಾಗ ಇರಲಿಲ್ಲ. ಅರ್ಧದಷ್ಟು ಚೂರುಗಳಲ್ಲಿ ಇರುವುದಿರಲಿ, ಅಲ್ಲೊಂದು ಇಲ್ಲೊಂದು ಚೂರಿನಲ್ಲಿತ್ತು. ಕಂಪ್ಯೂಟರಿನಲ್ಲಿ ತಪ್ಪು ಓದುಗಳನ್ನು ಸೋಸುವ ಜರಡಿಯ ಕಣ್ಣು ಸ್ವಲ್ಪ ಸಡಿಲ ಬಿಟ್ಟಿದ್ದರಿಂದ ಅವೆಲ್ಲ ಹಾದು ಬಂದಿದ್ದವು. ಆ ಗುಡ್ಡವನ್ನು ತೆಗೆದುಹಾಕಿದಳು. ಉಳಿದದ್ದು ಹಸುವಿನ, ಕುರಿಯ, ನಾಯಿಯ, ಎಲ್ಲರ ಅದೇ ಹಳೆಯ ಬೆಟ್ಟಸಾಲು.

ಆದರೆ ಈ ಕರುಗಳಿಗೆ ಮಾತ್ರ ಯಾಕೆ? ಅವಳು ಕೆಳಗಿಳಿದು ಪ್ರಯೋಗಾಲಯಕ್ಕೆ ಹೋದಳು. ಅಕ್ಕಯ್ಯ ಕೈಗವಸು ಹಾಕಿಕೊಂಡು ಹಾಡು ಗುನುಗುತ್ತಿದ್ದಳು. ಪಕ್ಕದಲ್ಲಿ ನೀರಿನ ತೊಟ್ಟಿಯ ಯಂತ್ರ ಕಿರ್ರೆನ್ನುತ್ತಿತ್ತು. ಶಬ್ದದ ಅಲೆಯಿಂದ ಡಿಎನ್‌ಎಯನ್ನು ಚೂರುಮಾಡುವ ಯಂತ್ರ ಅದು.

"ಅಕ್ಕಯ್ಯ, ಅಳಿಯಂದಿರ ಕರುಗಳದ್ದು ಚೂರು ಮಾಡುವಾಗ ಬೇರೆ ಥರ ಮಾಡಿದ್ರಾ?"

"ಏನು? ಜೋರಾಗಿ ಹೇಳು, ಈ ಮಶೀನಿಗೆ ನಿನಗಿಂತ ದೊಡ್ಡ ಗಂಟಲು."

ಅವಳು ಇನ್ನೊಮ್ಮೆ ಕೇಳಿದಳು.

"ಬೇರೆ ಥರ ಯಾಕೆ ಮಾಡ್ಲಿ? ಒಳ್ಳೆ ಥರ ಮಾಡ್ದೆ." ಅಕ್ಕಯ್ಯನ ಮುಖ ಅರಳಿತು. "ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಇವು ಅಳಿಯನ ಮಕ್ಕಳು ತಾನೇ? ಇನ್ನೊಂದು ಸುತ್ತು ಹೆಚ್ಚಿಗೆ ತಿರುಗಿಸ್ದೆ, ಆಮೇಲೆ ಮತ್ತೊಂದು. ನುಣ್ಣಗೆ, ಒಂದೇ ಸಮ ಬರ್ಲಿ ಅಂತ. ನಾವೆಲ್ಲ ಅಳಿಯಂದಿರ ಕೆಲಸಕ್ಕೆ ಒಂದು ಕೈ ಹೆಚ್ಚೇ ಅಲ್ವಾ? ಕೊಟ್ಟಿಗೆಯೋರು ಒಂದು ಹೊರೆ ಹೆಚ್ಚಿಗೆ ಹಾಕ್ತಾರೆ, ನಾನು ಒಂದು ಸುತ್ತು ಹೆಚ್ಚಿಗೆ ಹಾಕ್ದೆ."

ಪಿಸುಮಾತು ಅಲ್ಲಿದ್ದ ಎತ್ತರದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹೆಚ್ಚು ಹೊತ್ತು ಅಲುಗಾಡಿಸಿದರೆ ಗಾಳಿ ತಾಗಿ ಜಿ ಅಕ್ಷರಕ್ಕೆ ಒಂದು ಬಗೆಯ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಜಿಯನ್ನು ಯಂತ್ರ ಟಿ ಎಂದು ಓದುತ್ತದೆ. ಹೋರಿಯ ಒಳಗೆ ಏನೂ ಕೆಟ್ಟಿರಲಿಲ್ಲ. ಪ್ರೀತಿ ಹೆಚ್ಚಾಗಿ ಕೊಳವೆಯೊಳಗೆ ಕೆಟ್ಟಿತ್ತು. ಅಳಿಯಂದಿರನ್ನು ಉಪಚಾರ ಮಾಡಿ ಮಾಡಿಯೇ ಲಾರಿ ಹತ್ತಿಸಲು ಹೊರಟಿದ್ದರು.

ಹೇಳಿದಾಗ ಅಕ್ಕಯ್ಯ ಕೈಗವಸನ್ನು ನಿಧಾನವಾಗಿ ಕಳಚಿದಳು. "ನನ್ನ ಕೈಯಿಂದ್ಲಾ?" ಎಂದಳು. ಕೈಗವಸನ್ನು ಮಡಿಸಿಡುತ್ತ, "ಹೇಳ್ಬಿಡು ಮೇಡಂಗೆ. ಬೈದ್ರೆ ನನ್ನನ್ನ ಬೈಲಿ, ನನಗೇನು ಹೊಸದಾ? ಆದ್ರೆ ಮಗಳೇ, ನಿನ್ನ ಗುಡ್ಡ ಹೋಗತ್ತಲ್ಲ?"

"ಹೋಗತ್ತೆ."

"ಹೆಸರು?"

"ಅದೂ."

ಅಕ್ಕಯ್ಯ ಅವಳ ಸ್ವೆಟರಿನ ಕಾಲರು ಮಡಚಿಕೊಂಡದ್ದನ್ನು ಸರಿಮಾಡಿದಳು.

ಅಂದೇ ವಾರದ ಸಭೆ. ಅಂದೇ ಲಾರಿ. ಅವಳು ಮೇಡಂ ಕೋಣೆಯ ಬಾಗಿಲಿಗೆ ಹೋದಳು, ಮೇಡಂ ಫೋನಿನಲ್ಲಿದ್ದರು. ಇನ್ನೊಂದು ಸಲ ಹೋದಳು. ಬಾಗಿಲು ಬಡಿಯಲು ಎತ್ತಿದ ಕೈಯನ್ನು ತಾನೇ ಇಳಿಸಿಕೊಂಡು ಬಂದಳು. ಒಂದು ಕ್ಷಣ ಅವಳಿಗೆ ಅನ್ನಿಸಿತು, ಹೇಳದಿದ್ದರೆ ಏನಾಗುತ್ತದೆ? ಅಕ್ಕಯ್ಯ ತಾನಾಗಿ ಹೇಳುವವಳಲ್ಲ. ಗುಡ್ಡ ಗೋಡೆಯ ಮೇಲೆ ಇರುತ್ತದೆ. ಜನ ಅದರ ಹತ್ತಿರ ಹೋಗಿ ಕನ್ನಡಕ ತೆಗೆದು ನೋಡುತ್ತಾರೆ. ಆ ಯೋಚನೆ ಬಂದದ್ದಕ್ಕೇ ನಾಚಿ, ಅವಳು ಖಾಲಿ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಳು. ಸುಣ್ಣದ ತಂಪು ಹಣೆಗೆ ಹಿತವಾಗಿತ್ತು.

ಸಭೆ ಶುರುವಾಗುವ ಹೊತ್ತಿಗೆ ಲಾರಿ ಅಂಗಳಕ್ಕೆ ಬಂದು ಹಿಂದುಮುಂದಾಗಿ ತಿರುಗುತ್ತಿತ್ತು. ಮೇಡಂ ಲೇಖನದ ಮಾತೆತ್ತಿದರು. ಅವಳು ಎದ್ದು ನಿಂತಳು. ನಿಂತದ್ದು ಯಾರಿಗೂ ಕಾಣಲಿಲ್ಲ. ಏನೋ ಹೇಳಿದಳು. ಅದು ಯಾರಿಗೂ ಕೇಳಲಿಲ್ಲ. ತಲೆಯ ಮೇಲೆ ಹಳೆಯ ಫ್ಯಾನು ಗಡಗಡ ತಿರುಗುತ್ತಿತ್ತು.

"ಏನೋ ಹೇಳ್ತಿದ್ದಾಳೆ," ಎಂದರು ಡಾಕ್ಟರು. ಎದ್ದು ಹೋಗಿ ಫ್ಯಾನು ಆರಿಸಿದರು.

ಫ್ಯಾನು ನಿಂತಮೇಲೆ ಕೋಣೆ ಎಷ್ಟು ದೊಡ್ಡದು ಎಂದು ಅವಳಿಗೆ ಮೊದಲ ಸಲ ತಿಳಿಯಿತು. ಅದರಲ್ಲಿ ಅವಳ ಪಿಸುಮಾತು ಮೂಲೆಮೂಲೆಗೆ ಹೋಗಿ ಮುಟ್ಟುತ್ತಿತ್ತು.

"ಆ ಗುಡ್ಡ ಹೋರಿಯದಲ್ಲ," ಎಂದಳು. "ನಮ್ಮದು."

"ಹೋದ ವಾರ ನೀನೇ ತಾನೇ ಇಲ್ಲಿ ನಿಂತು ಹೇಳಿದ್ದು?"

"ಹೌದು ಮೇಡಂ, ನಾನೇ. ತಪ್ಪು ಹೇಳ್ದೆ." ಹೇಗೆ ಹೇಳುವುದು ಎಂದು ತಿಳಿಯದೆ ಅವಳು ತನ್ನ ತೋಳನ್ನೇ ಮುಂದೆ ಚಾಚಿದಳು. "ಇದು ನಮ್ಮ ಚಿಕ್ಕಮ್ಮ ಹೆಣೆದಿದ್ದು. ಇಲ್ಲಿ ಮೊಣಕೈ ಹತ್ರ ಒಂದು ಕುಣಿಕೆ ತಪ್ಪಿದೆ. ಹೆಣೆಯುವಾಗ್ಲೇ ತಪ್ಪಿದ್ದು. ಒಳಗಿಂದ ನೋಡಿದ್ರೂ ಕಾಣತ್ತೆ, ಹೊರಗಿಂದ ನೋಡಿದ್ರೂ ಕಾಣತ್ತೆ. ಹುಟ್ಟಿನಲ್ಲಿ ಬಂದಿದ್ದು ಹಾಗಿರತ್ತೆ. ಇದು ನೋಡಿ, ಅಂಚಿನ ಹತ್ರ ಉಣ್ಣೆ ಉಜ್ಜಿ ಜುಂಗು ಎದ್ದಿದೆ. ಇದು ಹೊರಗಡೆ ಮಾತ್ರ. ಹೆಣೆದವರದ್ದಲ್ಲ, ಆಮೇಲೆ ಉಜ್ಜಿದ್ದರಿಂದ ಆದದ್ದು. ಆ ಕರುಗಳ ಟಿಗಳೆಲ್ಲ ಒಂದೇ ಕಡೆಯಿಂದ ಕಾಣ್ತವೆ. ಅದು ಜುಂಗು. ನಾವು ಚೂರು ಮಾಡುವಾಗ ಹೆಚ್ಚಿಗೆ ಉಜ್ಜಿದ್ದೀವಿ."

"ನಾವು ಅಂದ್ರೆ ಯಾರು?"

ಅವಳು ಉತ್ತರ ಹುಡುಕುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಅಕ್ಕಯ್ಯನ ದನಿ ಬಂತು. "ನಾನು ಮೇಡಂ. ಅಳಿಯ ಅಂತ ಒಂದೆರಡು ಸುತ್ತು ಉಪಚಾರ ಜಾಸ್ತಿ ಮಾಡ್ದೆ."

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಚಿತ್ರಗಳನ್ನು ತರಿಸಿಕೊಂಡು ಒಂದು ತುದಿಯದು, ಇನ್ನೊಂದು ತುದಿಯದು ಎಂದು ಬೇರೆ ಬೇರೆ ಇಟ್ಟು ನೋಡಿದರು. ಅಂಗಳದಲ್ಲಿ ಲಾರಿಯವನು ಹಾರನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಪಿಸುಮಾತು ನಿಂತೇ ಇದ್ದಳು. ಕೂತರೆ ಹೇಳಿದ್ದೆಲ್ಲ ಬಿದ್ದುಹೋಗುತ್ತದೆ ಎನ್ನುವಂತೆ.

"ಅವನಿಗೆ ಬಾಡಿಗೆ ಕೊಟ್ಟು ಕಳಿಸಿ," ಎಂದರು ಮೇಡಂ ಕೊನೆಗೆ. "ಕರುಗಳದ್ದು ಹೊಸದಾಗಿ ರಕ್ತ ತೆಗೀರಿ. ಈ ಸಲ ಯಾರೂ ಯಾವ ಉಪಚಾರಾನೂ ಮಾಡಬಾರದು. ಗುಡ್ಡ ಮತ್ತೆ ಎದ್ರೆ ಲಾರೀನೂ ಮತ್ತೆ ಬರತ್ತೆ, ತಿಳೀತಾ?" ಆಮೇಲೆ ಅವಳ ಕಡೆ ತಿರುಗಿ, "ಕೂತ್ಕೋ," ಎಂದರು. ಅದರಲ್ಲಿ ಹೊಗಳಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಹೊಸ ಸಾಲುಗಳು ಬರುವವರೆಗೆ ಅವಳು ಮಂಜಿನಲ್ಲಿ ನಡೆಯುವವಳಂತೆ ಇದ್ದಳು. ತಾನು ಹೇಳಿದ್ದು ಸರಿಯೆಂದು ಗೊತ್ತಿತ್ತು. ಆದರೂ ಕನಸಿನ ಮಾತು ನಂಬಿ ಒಂದು ಪ್ರಾಣಿಯ ಪ್ರಾಣಕ್ಕೆ ಜಾಮೀನು ನಿಂತೆನೇ ಎಂದು ಬಸ್ಸಿನಲ್ಲಿ ಒಮ್ಮೊಮ್ಮೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕೊನೆಗೆ ಸಾಲುಗಳು ಬಂದವು. ಜರಡಿ ಹಿಡಿದಳು, ಚಿತ್ರ ಬಿಡಿಸಿದಳು. ಟೋಪಿ ತೊಟ್ಟ ಸಿಗಳ ಎತ್ತರದ ಗುಡ್ಡ, ಅದರ ಪಕ್ಕ ಸಣ್ಣಪುಟ್ಟ ದಿಬ್ಬಗಳು, ಅಷ್ಟೆ. ಹೊಸ ಗುಡ್ಡವಿದ್ದ ಜಾಗದಲ್ಲಿ ಎಲ್ಲ ಪ್ರಾಣಿಗಳಿಗೂ ಇರುವ ಅದೇ ಪುಟ್ಟ ಏರು. ಮೇಡಂ ನೋಡಿ "ಸರಿ" ಎಂದು ಇನ್ನೊಂದು ಕಡತ ತೆರೆದರು. ಲೇಖನ ಅಲ್ಲಿಗೆ ಮುಗಿಯಿತು.

ಸುದ್ದಿ ಹೇಳಲು ಅವಳು ಕೊಟ್ಟಿಗೆಯ ಕಡೆ ಓಡಿದಳು. ಸಂಜೆಯ ಬಿಸಿಲಿತ್ತು. ಡಾಕ್ಟರು ಬೇಲಿಗೆ ಆತು ನಿಂತಿದ್ದರು. ಅವಳ ಮುಖ ನೋಡಿಯೇ ಅರ್ಧ ತಿಳಿದುಕೊಂಡರು.

"ಹಾಗಾದ್ರೆ ಅಳಿಯಂದಿರ ಮಕ್ಕಳಲ್ಲಿ ಏನಿದೆ?"

"ಎಲ್ಲರಿಗೂ ಇರೋದೇ. ಕುರಿಗೆ, ಇಲಿಗೆ, ನಿಮಗೆ, ನನಗೆ ಇರೋದು."

"ಇಷ್ಟು ಹೇಳೋಕೆ ಅಷ್ಟು ದೊಡ್ಡ ಮಶೀನಾ? ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ."

ಅವಳು ನಕ್ಕಳು. ಆಚೆ ಹುಲ್ಲುಗಾವಲಿಗೆ ಕರುಗಳನ್ನು ಬಿಟ್ಟಿದ್ದರು. ಕಪ್ಪು, ಕಂದು, ಮಚ್ಚೆಯವು, ಒಂದನ್ನೊಂದು ತಳ್ಳುತ್ತ, ಯಾಕೆಂದು ತಮಗೇ ಗೊತ್ತಿಲ್ಲದೆ ಓಡುತ್ತ ಇದ್ದವು. ಅವಳು ಬೇಲಿ ಹಿಡಿದು ನೋಡುತ್ತ ನಿಂತಳು. ಒಂದೊಂದು ಕರುವಿನಲ್ಲಿ ಅಪ್ಪ ಕೊಡದ, ಅಮ್ಮ ಕೊಡದ ಅಕ್ಷರ ಎಲ್ಲೆಲ್ಲಿ ಕೂತಿದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಆ ಅಕ್ಷರಗಳು ಇಲ್ಲಿ ಓಡುತ್ತಿರುವ ಯಾವ ಕರುವಿನವು ಎಂದು ಮಾತ್ರ ತಿಳಿಯದು.

"ಡಾಕ್ಟ್ರೇ, ಇವುಗಳ ಗುರ್ತು ಮಾಡಿಕೊಡ್ತೀರಾ?" ಎಂದು ಕೇಳಿದಳು.

ಡಾಕ್ಟರು ಬೇಲಿಯ ಚಿಲಕ ತೆಗೆದು, "ಹತ್ರ ಬಾ ಮತ್ತೆ," ಎಂದರು. "ಅಗೋ, ಆ ಮೂಲೇಲಿ ತನ್ನ ಬಾಲಾನೇ ಅಟ್ಟಿಸ್ಕೊಂಡು ಹೋಗ್ತಿದ್ದಾನಲ್ಲ, ಅವನಿಂದ ಶುರು ಮಾಡೋಣ."